ಜೋಳದ ಪಾಳಿ, ಹಂದಿಯ ತಲೆ

ಮೊಬೈಲಿನಲ್ಲಿ ಆ ಫೋಟೋ ತೋರಿಸಿದಾಗ ನಮ್ಮ ಮಾವ ಮೊದಲು ಕೇಳಿದ್ದು, "ಇದೇನೋ, ಕುರಿ ತಲೆನಾ?"

"ಅಲ್ಲ ಮಾವ, ಹಂದಿದು. ಮರಿಹಂದಿ."

"ಗ್ರೌಂಡಲ್ಲಿ ಯಾಕೆ ಬಿದ್ದಿದೆ?"

"ಎಸೆದಿದ್ದು. ಕಾರ್ನರ್ ಹೊಡೆಯೋಕೆ ಬಂದವನ ಕಡೆಗೆ."

ಕನ್ನಡಕ ಮೇಲಕ್ಕೆ ಸರಿಸಿ ಇನ್ನೊಮ್ಮೆ ನೋಡಿದರು. "ತಿನ್ನೋ ಪದಾರ್ಥ ಹೀಗೆ ಬಿಸಾಕ್ತಾರಲ್ಲೋ. ನಮ್ಮ ಕಾಲದಲ್ಲಿ ಚಪ್ಪಲಿ ಎಸೀತಿದ್ರು. ಅದೂ ಒಂದೇ ಕಾಲಿಂದು. ಇನ್ನೊಂದು ಇಟ್ಕೊಂಡು ಮನೆಗೆ ಹೇಗೆ ಹೋಗ್ತಿದ್ರೋ."

ಮಾವನಿಗೆ ಈಗ ಎಪ್ಪತ್ತೈದರ ಆಸುಪಾಸು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಲೆಫ್ಟ್ ಔಟ್ ಆಡುತ್ತಿದ್ದರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ತಲೆಯ ಕತೆ. ಗೊತ್ತಿದ್ದವರೂ ಓದಿ, ಯಾಕೆಂದರೆ ಇದರಲ್ಲಿ ಎಲ್ಲರೂ ಮರೆತುಬಿಡುವ ಒಂದು ಸಂಗತಿ ಇದೆ.

ಲೂಯಿಸ್ ಫಿಗೊ ಪೋರ್ಚುಗಲ್‌ನ ಫುಟ್ಬಾಲ್ ಆಟಗಾರ. 1995ರಲ್ಲಿ ಸ್ಪೋರ್ಟಿಂಗ್ ಲಿಸ್ಬನ್ ಬಿಟ್ಟು ಬಾರ್ಸಿಲೋನಾಕ್ಕೆ ಬಂದ. ನಿಜ ಹೇಳಬೇಕೆಂದರೆ ಅವನು ಹೊರಟಿದ್ದು ಇಟಲಿಗೆ. ಯುವೆಂಟಸ್ ಮತ್ತು ಪಾರ್ಮಾ, ಎರಡೂ ಕ್ಲಬ್ಬಿನ ಕಾಗದಕ್ಕೆ ಸಹಿ ಹಾಕಿ ಸಿಕ್ಕಿಬಿದ್ದ. ಎರಡು ವರ್ಷ ಈ ಕಡೆ ಕಾಲಿಡಬೇಡ ಅಂದರು ಇಟಲಿಯವರು. ಹಾಗಾಗಿ ಬಾರ್ಸಿಲೋನಾ. ಸಹಿಯ ವಿಷಯದಲ್ಲಿ ಆಸಾಮಿ ಹೇಗೆ ಅನ್ನೋದಕ್ಕೆ ಮೊದಲೇ ಒಂದು ಸುಳಿವು ಇತ್ತು. ಆದರೆ ಮುಂದಿನ ಐದು ವರ್ಷ ಅವನಾಡಿದ ಆಟ ನೋಡಿದವರಿಗೆ ಅದೆಲ್ಲ ನೆನಪಿಗೆ ಬರಲಿಲ್ಲ. ಬಲಗಡೆ ಗೆರೆಯ ಪಕ್ಕ ಚೆಂಡು ಇಟ್ಟುಕೊಂಡು ಸುಮ್ನೆ ನಿಲ್ಲುತ್ತಿದ್ದ. ಎದುರಿನವನ ಮೈಭಾರ ಯಾವ ಕಾಲಿನ ಮೇಲೆ ಬೀಳುತ್ತದೋ ನೋಡಿ, ಇನ್ನೊಂದು ಕಡೆಯಿಂದ ಹೊರಟುಬಿಡುತ್ತಿದ್ದ. ಅವನಿದ್ದಾಗ ಬಾರ್ಸಿಲೋನಾ ಎರಡು ಸಲ ಲೀಗ್ ಗೆದ್ದಿತು. ಗೆದ್ದ ಖುಷಿಯಲ್ಲಿ ಕೂದಲಿಗೆ ಕ್ಲಬ್ಬಿನ ಬಣ್ಣ ಬಳಿದುಕೊಂಡು, ಬದ್ಧವೈರಿ ರಿಯಲ್ ಮ್ಯಾಡ್ರಿಡ್‌ನವರನ್ನು ಅಳುಮುಂಜಿಗಳು ಎಂದು ಹಾಡಿ ಕುಣಿದವನು ಇವನೇ.

2000ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಅಧ್ಯಕ್ಷರ ಚುನಾವಣೆ ಬಂತು. ಅಲ್ಲಿ ಕ್ಲಬ್ಬಿನ ಸದಸ್ಯರೇ ಓಟು ಹಾಕುತ್ತಾರೆ, ನಮ್ಮ ಸಹಕಾರ ಸಂಘದ ಹಾಗೆ. ಕುರ್ಚಿಯಲ್ಲಿದ್ದ ಲೊರೆಂಜೊ ಸಾನ್ಸ್ ಕಾಲದಲ್ಲಿ ಎರಡು ಚಾಂಪಿಯನ್ಸ್ ಲೀಗ್ ಬಂದಿದ್ದವು. ಎದುರು ನಿಂತವರು ಕಟ್ಟಡ ಕಂಪನಿಯ ಯಜಮಾನ ಫ್ಲೊರೆಂಟಿನೊ ಪೆರೆಜ್. ನನ್ನನ್ನು ಗೆಲ್ಲಿಸಿ, ಫಿಗೊನನ್ನು ತರುತ್ತೇನೆ ಅಂದರು. ತರದಿದ್ದರೆ ನಿಮ್ಮ ವರ್ಷದ ಚಂದಾ ನಾನೇ ಕಟ್ಟುತ್ತೇನೆ ಅಂದರು. ಫಿಗೊ ಪತ್ರಿಕೆಯವರಿಗೆ, ನಾನು ಎಲ್ಲೂ ಹೋಗಲ್ಲ ಅಂದ. ಅತ್ತ ಅವನ ಏಜೆಂಟ್ ಮುಂಗಡ ಒಪ್ಪಂದ ಮಾಡಿಕೊಂಡಾಗಿತ್ತು. ಪೆರೆಜ್ ಗೆದ್ದರೆ ಬರಬೇಕು, ತಪ್ಪಿದರೆ ಭಾರಿ ದಂಡ. ಪೆರೆಜ್ ಎಲ್ಲಿ ಗೆಲ್ಲುತ್ತಾರೆ ಅನ್ನೋ ಧೈರ್ಯ ಅದು. ಪೆರೆಜ್ ಗೆದ್ದರು.

ಜುಲೈ 24ರಂದು ಫಿಗೊ ಮ್ಯಾಡ್ರಿಡ್‌ನ ಬಿಳಿ ಅಂಗಿ ಹಿಡಿದು ನಿಂತ. ಬಾರ್ಸಿಲೋನಾಕ್ಕೆ ಕಟ್ಟಿದ ಬಿಡುಗಡೆ ಮೊತ್ತ 1,000 ಕೋಟಿ ಪೆಸೆಟಾ (ಸ್ಪೇನಿನ ಆಗಿನ ನಾಣ್ಯ), ಅಂದರೆ ಸುಮಾರು 6 ಕೋಟಿ ಯೂರೋ. ಆಗಿನ ವಿಶ್ವದಾಖಲೆ. ಅವತ್ತಿನ ಫೋಟೋಗಳನ್ನು ನೋಡಿ ಬೇಕಾದರೆ, ಬಲವಂತಕ್ಕೆ ಹಸೆಮಣೆ ಹತ್ತಿದ ಹುಡುಗನ ಮುಖ.

ಅಕ್ಟೋಬರ್‌ನಲ್ಲಿ ಅದೇ ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನಕ್ಕೆ ಎದುರಾಳಿಯಾಗಿ ಬಂದ. 'ಪೆಸೆಟೆರೊ' ಎಂಬ ಬ್ಯಾನರ್‌ಗಳು. ಕಾಸಿಗಾಗಿ ಬಾಯಿ ಬಿಡುವವನು ಅಂತ ಅರ್ಥ. ಅವನ ಮುಖ ಅಚ್ಚು ಹಾಕಿದ ನಕಲಿ ನೋಟುಗಳು. ಅವತ್ತು ಅವನು ಕಾರ್ನರ್ ಹೊಡೆಯಲು ಮೂಲೆಗೆ ಹೋಗಲೇ ಇಲ್ಲ. ಎರಡು ವರ್ಷ ಬಿಟ್ಟು, 2002ರ ನವೆಂಬರ್ 23ರಂದು, ಹೋದ. ನಾಣ್ಯ, ಮೊಬೈಲು, ವಿಸ್ಕಿ ಬಾಟಲಿ, ಕೊನೆಗೆ ಆ ತಲೆ. ರೆಫರಿ ಕಾಲು ಗಂಟೆ ಆಟ ನಿಲ್ಲಿಸಿದರು. ಗೋಲಿಲ್ಲದೆ ಮುಗಿಯಿತು.

ನನಗೆ ಫಿಗೊಗಿಂತ ಆ ತಲೆ ತಂದವನ ಮೇಲೆ ಕುತೂಹಲ ಜಾಸ್ತಿ. ಬೆಳಿಗ್ಗೆ ಎದ್ದು ಅದನ್ನು ಪೊಟ್ಟಣ ಕಟ್ಟಿದ್ದಾನೆ. ಬಸ್ಸೋ ಮೆಟ್ರೋನೋ ಹತ್ತಿದ್ದಾನೆ. ಗೇಟು ದಾಟಿದ್ದಾನೆ. ಎರಡನೇ ಅರ್ಧದವರೆಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾನೆ. ಇಷ್ಟು ಸಿದ್ಧತೆ ಸುಮ್ನೆ ಸಿಟ್ಟಿಗೆ ಬರುವುದಿಲ್ಲ. ಇದು ಎಲ್ಲೋ ಆಳಕ್ಕೆ ನೋವಾದವನ ಕೆಲಸ.

ಈಗ ಆ ಮರೆತ ಸಂಗತಿ. 2000ದ ಆ ಮೊದಲ ಪಂದ್ಯವನ್ನು ಬಾರ್ಸಿಲೋನಾ 2-0 ಗೆದ್ದಿತು. ಮೊದಲ ಗೋಲು ಹೊಡೆದವನು ಲೂಯಿಸ್ ಎನ್ರಿಕೆ. ಮೈದಾನ ಎದ್ದು ಕುಣಿಯಿತು. ಈ ಎನ್ರಿಕೆ ಎಲ್ಲಿಂದ ಬಂದವನು? ರಿಯಲ್ ಮ್ಯಾಡ್ರಿಡ್‌ನಿಂದ! ಅಲ್ಲಿ ಐದು ವರ್ಷ ಆಡಿ, 1996ರಲ್ಲಿ ಕಾಂಟ್ರಾಕ್ಟ್ ಮುಗಿಯುತ್ತಲೇ, ಹಳೇ ಕ್ಲಬ್ಬಿಗೆ ಒಂದು ಕಾಸೂ ಬಾರದ ಹಾಗೆ ಬಾರ್ಸಿಲೋನಾ ಸೇರಿದವನು. ಮುಂದೆ ಕ್ಯಾಪ್ಟನ್ ಆದ, ಕೋಚ್ ಆಗಿ 2015ರಲ್ಲಿ ಮೂರು ಕಪ್ ಗೆದ್ದುಕೊಟ್ಟ. ಅದೇ ದಾರಿಯಲ್ಲಿ ಈ ಕಡೆಯಿಂದ ಹೋದವನು ದ್ರೋಹಿ, ಆ ಕಡೆಯಿಂದ ಬಂದವನು ಮನೆಮಗ. ಒಂದೇ ಮೈದಾನ, ಒಂದೇ ಸಂಜೆ, ಅದೇ ತೊಂಬತ್ತು ಸಾವಿರ ಜನ. ಯಾರಿಗೂ ನಗು ಬರಲಿಲ್ಲ.

ದ್ರೋಹ ಅಂದರೆ ಏನು ಅಂತ ಯೋಚಿಸುವಾಗ ನನಗೆ ಹಳೇ ಕನ್ನಡದ ಒಂದು ಮಾತು ನೆನಪಾಗುತ್ತದೆ. ಜೋಳದ ಪಾಳಿ. ಶಾಸನಗಳಲ್ಲಿ, ಹಳೆಯ ಕಾವ್ಯಗಳಲ್ಲಿ ಬರುತ್ತದೆ. ಒಡೆಯ ಅಳೆದುಕೊಟ್ಟ ಜೋಳ ತಿಂದವನು, ಹೊತ್ತು ಬಂದಾಗ ಅವನ ಪರ ಕತ್ತಿ ಹಿಡಿಯಬೇಕು. ಅದು ಆಳಿನ ಧರ್ಮ. ನಮ್ಮ ಊರೂರಿನ ವೀರಗಲ್ಲುಗಳ ಹಿಂದೆ ಇರುವುದು ಹೆಚ್ಚಾಗಿ ಇಂಥ ಲೆಕ್ಕವೇ. ಇದರಲ್ಲಿ ನನಗೆ ಇಷ್ಟವಾಗುವುದು ಅದರ ಹೆಸರು. ನಿಷ್ಠೆಗೆ ಕೂಲಿಯ ಹೆಸರನ್ನೇ ಇಟ್ಟಿದ್ದಾರೆ ನಮ್ಮವರು. ಪ್ರೀತಿಯ ಪಾಳಿ ಅನ್ನಲಿಲ್ಲ, ಊರಿನ ಪಾಳಿ ಅನ್ನಲಿಲ್ಲ. ಜೋಳ. ಹೊಟ್ಟೆಗೆ ಹಾಕಿದ್ದಕ್ಕೆ ತೋಳು. ನಿಷ್ಠೆ ಒಂದು ಕಡೆ, ದುಡ್ಡು ಇನ್ನೊಂದು ಕಡೆ ಅಂತ ನಾವು ಈಗ ಬೇರೆ ಬೇರೆ ತಟ್ಟೆಯಲ್ಲಿಟ್ಟು ತೂಗುತ್ತೇವಲ್ಲ, ಅವರಿಗೆ ಅದು ಒಂದೇ ಚೀಲದಲ್ಲಿತ್ತು.

ಇನ್ನೊಂದು ಬಗೆಯೂ ಇತ್ತು. ವೇಳೆವಾಳಿ. ನೀನು ಸತ್ತರೆ ನಾನೂ ಸಾಯುತ್ತೇನೆ ಎಂದು ಒಡೆಯನಿಗೆ ಮಾತು ಕೊಡುವುದು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಹೋದವರು ಪಕ್ಕದಲ್ಲಿರುವ ಗರುಡಗಂಬ ನೋಡಿರುತ್ತೀರಿ. ಎರಡನೇ ವೀರಬಲ್ಲಾಳ ತೀರಿಕೊಂಡಾಗ ಹೆಂಡತಿ ಮತ್ತು ತನ್ನ ಪಡೆಯ ಜೊತೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ನೆನಪಿನ ಕಂಬ ಅದು. ಕಂಬದ ಮೇಲೆ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರ ಕೆತ್ತನೆ ಇದೆ. ಅದನ್ನು ನೋಡುವಾಗ ಮೈ ಜುಂ ಅನ್ನುತ್ತದೆ, ಭಯವೂ ಆಗುತ್ತದೆ.

ಫುಟ್ಬಾಲ್ ಆಟಗಾರ ಸಹಿ ಹಾಕುವುದು ಜೋಳದ ಪಾಳಿಗೆ. ಮೂರು ವರ್ಷ, ಐದು ವರ್ಷ, ಇಷ್ಟು ಸಂಬಳ, ಇಷ್ಟು ಬೋನಸ್. ನಾವು ಗ್ಯಾಲರಿಯಲ್ಲಿ ಕೂತು ಅವನಿಂದ ಕೇಳುವುದು ವೇಳೆವಾಳಿ. ಗೋಲು ಹೊಡೆದ ಖುಷಿಯಲ್ಲಿ ಎದೆಯ ಮೇಲಿನ ಲಾಂಛನಕ್ಕೆ ಮುತ್ತಿಟ್ಟು ಅವನೂ ಹೌದು ಹೌದು ಅಂದಿರುತ್ತಾನೆ. ಅಲ್ಲೇ ಎಡವಟ್ಟು.

ಹಿಂದಿನವರು ನಿಷ್ಠಾವಂತರು, ಈಗಿನವರು ದುಡ್ಡಿನ ಹಿಂದೆ ಬಿದ್ದವರು ಅನ್ನುವ ಮಾತು ಎಲ್ಲ ಊರಿನ ಕಟ್ಟೆಗಳಲ್ಲೂ ಇದೆ. ಇದನ್ನು ಕೇಳಿದಾಗ ನಾನು ಜಾರ್ಜ್ ಈಸ್ಟ್‌ಹ್ಯಾಮ್ ಹೆಸರು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 1961ರವರೆಗೂ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 20 ಪೌಂಡಿಗಿಂತ ಜಾಸ್ತಿ ಕೊಡುವಂತಿರಲಿಲ್ಲ. ಅದಕ್ಕಿಂತ ವಿಚಿತ್ರ ಇನ್ನೊಂದು. ಕಾಂಟ್ರಾಕ್ಟ್ ಮುಗಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ. ಅವರು ಬಿಡದಿದ್ದರೆ ಬೇರೆಲ್ಲೂ ಆಡುವಂತಿಲ್ಲ. ಸಂಬಳ ಕೊಡದೆಯೂ ಹಿಡಿದಿಡಬಹುದಿತ್ತು. ತಾನಾಡುತ್ತಿದ್ದ ನ್ಯೂಕಾಸಲ್ ಕ್ಲಬ್ಬು ಬಿಡಲೊಪ್ಪದಾಗ ಈಸ್ಟ್‌ಹ್ಯಾಮ್ ಬೂಟು ಕಳಚಿಟ್ಟು ಬಿರಡೆ ಮಾರುವ ಕೆಲಸಕ್ಕೆ ಸೇರಿದ. ಕೊನೆಗೆ 1960ರಲ್ಲಿ ಅವನನ್ನು ಆರ್ಸೆನಲ್‌ಗೆ ಮಾರಿದರು. ಆದರೂ ಮೊಕದ್ದಮೆ ಬಿಡಲಿಲ್ಲ. 1963ರಲ್ಲಿ, ಇದು ಮನುಷ್ಯನ ದುಡಿಯುವ ಹಕ್ಕಿಗೆ ಅಡ್ಡಿ ಎಂದು ಕೋರ್ಟು ಹೇಳಿತು.

ಯುರೋಪಿನ ಉಳಿದ ಕಡೆ ಇದೇ ಪದ್ಧತಿ ಇನ್ನೂ ಮೂವತ್ತು ವರ್ಷ ಎಳೆಯಿತು. ಬೆಲ್ಜಿಯಮ್‌ನ ಜಾನ್-ಮಾರ್ಕ್ ಬೋಸ್ಮನ್ ಸಾಧಾರಣ ಆಟಗಾರ. 1990ರಲ್ಲಿ ಲಿಯೇಜ್ ಕ್ಲಬ್ಬಿನ ಜೊತೆ ಕಾಂಟ್ರಾಕ್ಟ್ ಮುಗಿಯಿತು. ಕ್ಲಬ್ಬು ಹೊಸ ಕಾಂಟ್ರಾಕ್ಟ್ ಮುಂದಿಟ್ಟಿತು, ಸಂಬಳ ಹಳೆಯದರ ಕಾಲು ಭಾಗ. ಫ್ರಾನ್ಸಿನ ಡಂಕರ್ಕ್‌ಗೆ ಹೋಗುತ್ತೇನೆ ಅಂದರೆ ಅದಕ್ಕೂ ಬಿಡಲಿಲ್ಲ. ಕಾಲು ಭಾಗ ಜೋಳ, ಪೂರ್ತಿ ಪಾಳಿ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಕಾಂಟ್ರಾಕ್ಟ್ ಮುಗಿದ ಆಟಗಾರ ಸ್ವತಂತ್ರ. ಇವತ್ತು ಕೋಟಿ ಕೋಟಿ ಎಣಿಸುವ ಎಲ್ಲರೂ ಅವನ ಹೆಸರಿನಲ್ಲಿ ಒಂದು ದೀಪ ಹಚ್ಚಬೇಕು. ಅವನಿಗೆ ಸಿಕ್ಕಿದ್ದು ಮಾತ್ರ ಕಡಿಮೆ. ಕೇಸು ನಡೆದ ಐದು ವರ್ಷದಲ್ಲಿ ಆಟದ ವಯಸ್ಸು ಕಳೆಯಿತು, ಆಮೇಲೆ ಖಿನ್ನತೆ, ಕುಡಿತ, ಸಾಲ.

ಬಾಗಿಲೇ ಇಲ್ಲದ ಮನೆಯಲ್ಲಿ ಕೂತವನನ್ನು ಮನೆ ಬಿಡದ ಮಗ ಅಂತ ಹೊಗಳೋದು ಹೇಗೆ? ಹಳೇ ಕಾಲದ ನಿಷ್ಠೆಯ ಅರ್ಧ ಕತೆಗಳು ಅಂಥವು ಅಂತ ನನ್ನ ಅನುಮಾನ.

ಇನ್ನರ್ಧ ಕತೆ ಮಾವನದ್ದು.

ನಮ್ಮ ಮನೆಯಲ್ಲಿ ಮದುವೆ ಮುಂಜಿ ಏನೇ ನಡೆದರೂ ಯಾರಾದರೊಬ್ಬರು ಹೇಳುವ ಕತೆ ಇದು. ಕೋಲ್ಕತ್ತದ ಕ್ಲಬ್ಬಿನವರು ಮಾವನನ್ನು ಹುಡುಕಿಕೊಂಡು ಬಂದಿದ್ದರು. ಆಗಿನ ಕಾಲಕ್ಕೆ ದೊಡ್ಡ ದುಡ್ಡು. ಮಾವ ಕೈಮುಗಿದು, ಅನ್ನ ಹಾಕಿದ ಕಾರ್ಖಾನೆಯನ್ನು ಬಿಟ್ಟು ಬರಲ್ಲ ಅಂದರಂತೆ. ಕೇಳುತ್ತಾ ಬೆಳೆದ ನನಗೆ ಮಾವ ಅಂದರೆ ಕರ್ಣನ ತುಂಡು. ಕೃಷ್ಣನೇ ಬಂದು ಪಟ್ಟ ಕೊಡುತ್ತೇನೆ ಅಂದರೂ ದುರ್ಯೋಧನನ ಕಡೆ ಬಿಡದವನು.

ಫಿಗೊ ಕತೆ ಹೇಳಿದ ದಿನವೇ ಇದನ್ನೂ ಕೇಳಿದೆ. "ನಿಜವಾಗ್ಲೂ ಕ್ಯಾಕರಿಸಿ ಕಳಿಸಿದ್ರಾ ಮಾವ ಅವರನ್ನ?"

"ಯಾರು ಹೇಳಿದ್ದು? ಊಟ ಹಾಕಿ ಕಳಿಸ್ದೆ. ಒಳ್ಳೆ ಜನ. ರಸಗುಲ್ಲ ತಂದಿದ್ರು."

"ಮತ್ತೆ ಯಾಕೆ ಹೋಗ್ಲಿಲ್ಲ?"

"ನಿಮ್ಮತ್ತೆ ಏಳು ತಿಂಗಳ ಬಸುರಿ. ಅವರು ಕೊಡ್ತಿದ್ದಿದ್ದು ಒಂದು ಸೀಸನ್ ದುಡ್ಡು. ಮಂಡಿ ಹೋದ್ರೆ ವಾಪಸ್ ಬಸ್ ಚಾರ್ಜು. ಇಲ್ಲಿ ಪರ್ಮನೆಂಟ್ ಕೆಲಸ, ಕ್ವಾರ್ಟರ್ಸು, ಇಎಸ್‌ಐ, ಪಿಎಫ್ಪು. ಪಿಎಫ್ ಬಿಟ್ಟು ಯಾವನಾದ್ರೂ ಹೋಗ್ತಾನೇನೋ?"

ಐವತ್ತು ವರ್ಷದ ಕುಟುಂಬದ ಪುರಾಣ ಹೀಗೆ ಒಂದು ಲೋಟ ಕಾಫಿಯಲ್ಲಿ ಕರಗಿತು.

ಬೆಂಗಳೂರಿನ ಫುಟ್ಬಾಲ್ ನಿಂತಿದ್ದೇ ಈ ಲೆಕ್ಕದ ಮೇಲೆ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ಬೀದಿಯಲ್ಲಿ ಆಡಿ ಬೆಳೆಯುತ್ತಿದ್ದರು. ಕಾಲು ಚೆನ್ನಾಗಿದ್ದವನನ್ನು ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಲ್‌ಆರ್‌ಡಿಇಯಂಥ ಸರ್ಕಾರಿ ಸಂಸ್ಥೆಗಳ ತಂಡಗಳು ಕರೆದುಕೊಳ್ಳುತ್ತಿದ್ದವು. ಗೋಲಿಗಿಂತ ಕೆಲಸದ ಆರ್ಡರ್ ದೊಡ್ಡದು. ಪಿ.ಕೆ. ಬ್ಯಾನರ್ಜಿಯವರನ್ನೇ ನೋಡಿ. ಭಾರತ ಕಂಡ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರು, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ನಾಯಕ. ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು, ಬದ್ಧವೈರಿಗಳೂ ಆದ ಮೋಹನ್ ಬಾಗಾನ್‌ಗಾಗಲಿ ಈಸ್ಟ್ ಬೆಂಗಾಲ್‌ಗಾಗಲಿ ಅವರು ಆಡಲೇ ಇಲ್ಲ. ಈಸ್ಟರ್ನ್ ರೈಲ್ವೆಯಲ್ಲಿ ಕೆಲಸ, ಅದೇ ತಂಡ. 1958ರಲ್ಲಿ ಆ ರೈಲ್ವೆ ತಂಡ ದೊಡ್ಡ ಕ್ಲಬ್ಬುಗಳನ್ನೆಲ್ಲ ಹಿಂದೆ ಹಾಕಿ ಕಲ್ಕತ್ತಾ ಲೀಗ್ ಗೆದ್ದುಬಿಟ್ಟಿತು.

ಹೋದವರೂ ಇದ್ದರು. ನಲವತ್ತರ ದಶಕದ ಕೊನೆಗೆ ಈಸ್ಟ್ ಬೆಂಗಾಲ್‌ನ ಐದು ಜನ ಫಾರ್ವರ್ಡ್‌ಗಳಿಗೆ ಪಂಚ ಪಾಂಡವರು ಅಂತಲೇ ಹೆಸರು. ಐವರಲ್ಲಿ ಒಬ್ಬರೂ ಬಂಗಾಳದವರಲ್ಲ. ಅಹ್ಮದ್ ಖಾನ್, ಧನರಾಜ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋಗಿ ಬಂದ ಅಹ್ಮದ್ ಖಾನ್ 1949ರಲ್ಲಿ ಕೋಲ್ಕತ್ತ ಸೇರಿ ಹತ್ತು ವರ್ಷ ಅಲ್ಲೇ ಆಡಿದರು. ಬೆಂಗಳೂರಿನಲ್ಲಿ ಯಾರಾದರೂ ಅವರನ್ನು ದ್ರೋಹಿ ಅಂದರೇ? ನಮ್ಮ ಹುಡುಗ ಅಲ್ಲಿ ಹೋಗಿ ಹೆಸರು ಮಾಡಿದ ಅಂದರು. ಬಡ ಊರಿನಿಂದ ದೊಡ್ಡ ಊರಿಗೆ ಹೋದರೆ ಅದು ಏಳಿಗೆ. ಇಬ್ಬರು ಸಮಬಲದ ಶತ್ರುಗಳ ನಡುವಿನ ಗೋಡೆ ಹಾರಿದರೆ ಮಾತ್ರ ಹಂದಿ ತಲೆ.

ಕೋಲ್ಕತ್ತದಲ್ಲಿ ಆ ಗೋಡೆ ಹಾರಿಸುವುದೇ ಒಂದು ಕಲೆಯಾಗಿತ್ತು. ಸಹಿ ಹಾಕುವ ದಿನಗಳು ಬಂದರೆ ಕ್ಲಬ್ಬಿನವರು ಆಟಗಾರರನ್ನು ಗುಟ್ಟಾಗಿ ಯಾರದೋ ಮನೆಯಲ್ಲಿ, ಹೋಟೆಲಿನಲ್ಲಿ ಇಟ್ಟು ಕಾಯುತ್ತಿದ್ದರು. ಶಲ್ಯನಿಗೆ ದುರ್ಯೋಧನ ಮಾಡಿದ್ದೂ ಇದನ್ನೇ ತಾನೆ. ಪಾಂಡವರ ಕಡೆ ಹೊರಟವನಿಗೆ ದಾರಿಯುದ್ದಕ್ಕೂ ಊಟ ಉಪಚಾರ ಮಾಡಿಸಿ, ಯಾರು ಮಾಡಿಸಿದ್ದು ಅಂತ ಅವನು ಖುಷಿಯಿಂದ ಕೇಳುವ ಹೊತ್ತಿಗೆ ಎದುರು ಬಂದು ನಿಂತ.

ಆಟಗಾರ ಪಾಳಿ ತಪ್ಪಿದ ಅಂತ ಕೂಗುವ ನಾವು, ಒಡೆಯ ಅಳತೆ ತಪ್ಪಿದಾಗ ಏನು ಮಾಡುತ್ತೇವೆ? ರೋಮ್‌ಗೆ ಹೋಗೋಣ. ಫ್ರಾನ್ಸೆಸ್ಕೊ ಟೊಟ್ಟಿ ರೋಮಾ ಕ್ಲಬ್ಬಿಗೆ 25 ಸೀಸನ್ ಆಡಿದ. 786 ಪಂದ್ಯ, 307 ಗೋಲು. ರಿಯಲ್ ಮ್ಯಾಡ್ರಿಡ್ ಕರೆದಾಗ ಹೋಗಲಿಲ್ಲ. ಬದಲಿಗೆ ಸಿಕ್ಕಿದ್ದು 2001ರ ಒಂದೇ ಒಂದು ಲೀಗ್. ಇಡೀ ಜಗತ್ತಿನಲ್ಲಿ ನಿಷ್ಠೆಗೆ ಪೋಸ್ಟರ್ ಬೇಕಾದರೆ ಅವನದ್ದೇ. 2017ರ ಮೇ 28ರಂದು, ನಲವತ್ತನೇ ವಯಸ್ಸಿನಲ್ಲಿ, ಮೈದಾನದ ಮಧ್ಯೆ ಕಾಗದ ಹಿಡಿದು ಅಳುತ್ತಾ ವಿದಾಯ ಹೇಳಿದ. ಗ್ಯಾಲರಿಯಲ್ಲಿ ಗಂಡಸರು ಮಕ್ಕಳ ಹಾಗೆ ಅತ್ತರು. ಆದರೆ ಅವತ್ತು ನಿಲ್ಲಿಸಬೇಕು ಅನ್ನೋದು ಅವನ ಆಸೆಯಾಗಿರಲಿಲ್ಲ, ಕ್ಲಬ್ಬಿನ ತೀರ್ಮಾನ. ಆಮೇಲೆ ಅಧಿಕಾರಿಯ ಕುರ್ಚಿ ಕೊಟ್ಟರು. ಎರಡು ವರ್ಷ ಕೂತು, ಯಾವ ತೀರ್ಮಾನಕ್ಕೂ ನನ್ನನ್ನು ಕೇಳಲ್ಲ ಎಂದು ಪತ್ರಿಕಾಗೋಷ್ಠಿ ಕರೆದು ಎದ್ದು ಬಂದ. ಅದೇ 2019ರಲ್ಲಿ, 600ಕ್ಕೂ ಹೆಚ್ಚು ಪಂದ್ಯ ಆಡಿದ್ದ ಡೇನಿಯಲೆ ಡಿ ರೊಸ್ಸಿಗೆ, ಇನ್ನು ಕಾಂಟ್ರಾಕ್ಟ್ ಇಲ್ಲ ಅಂದರು. ಆಡುವ ಆಸೆ ಅವನಿಗೆ ಇನ್ನೂ ಇತ್ತು. ಮುಂದೆ ಕೋಚ್ ಮಾಡಿಕೊಂಡು, 2024ರಲ್ಲಿ ಸೀಸನ್ ಶುರುವಾಗಿ ನಾಲ್ಕು ಪಂದ್ಯ ಆಗುತ್ತಲೇ ಕೆಲಸದಿಂದ ತೆಗೆದರು.

ಜನ ಪ್ರತಿಭಟನೆ ಮಾಡಿದರು, ಇಲ್ಲ ಅನ್ನಲ್ಲ. ಆದರೆ ಕ್ಲಬ್ಬಿಗೆ ಎಂದಿಗೂ 'ದ್ರೋಹಿ' ಅನ್ನುವ ಮಾತು ಅಂಟುವುದಿಲ್ಲ. ಮ್ಯಾನೇಜ್‌ಮೆಂಟ್ ಅನ್ನುತ್ತೇವೆ, ಪಾಲಿಸಿ ಅನ್ನುತ್ತೇವೆ. ಮುಖ ಇಲ್ಲದವರಿಗೆ ತಲೆ ಎಸೆಯುವುದು ಎತ್ತ ಕಡೆಗೆ?

ನಮ್ಮ ಸಿಟ್ಟಿನಲ್ಲೂ ಒಂದು ಲೆಕ್ಕಪತ್ರ ಇರುತ್ತದೆ, ಗಮನಿಸಿದ್ದೀರಾ? ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನ ನಾಯಕ ಸಾಲ್ ಕ್ಯಾಂಪ್‌ಬೆಲ್ 2001ರಲ್ಲಿ ಬೋಸ್ಮನ್ ತೀರ್ಪಿನ ಬಾಗಿಲಿನಿಂದ ಹೊರಬಿದ್ದು, ಬದ್ಧವೈರಿ ಆರ್ಸೆನಲ್ ಸೇರಿದ. ಮೊದಲ ಸೀಸನ್ನಿನಲ್ಲೇ ಲೀಗು, ಕಪ್ಪು ಎರಡೂ ಗೆದ್ದ. ಟಾಟನ್‌ಹ್ಯಾಮ್‌ನವರು ಅವನಿಗೆ, ಏಸುವಿಗೆ ಎರಡು ಬಗೆದ ಜೂಡಾಸ್ ಅಂತ ಇಟ್ಟ ಹೆಸರು ಇವತ್ತಿಗೂ ಹೋಗಿಲ್ಲ. ಲಿವರ್‌ಪೂಲ್ ಊರಲ್ಲೇ ಹುಟ್ಟಿ, ಆರನೇ ವಯಸ್ಸಿನಿಂದ ಅದೇ ಕ್ಲಬ್ಬಿನಲ್ಲಿ ಬೆಳೆದ ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್ 2025ರ ಮೇನಲ್ಲಿ, ಕಾಂಟ್ರಾಕ್ಟ್ ಮುಗಿಯುತ್ತದೆ, ಹೋಗುತ್ತೇನೆ ಅಂದ. ಲೀಗ್ ಗೆದ್ದು ಒಂದು ವಾರ ಆಗಿತ್ತಷ್ಟೆ. ಆರ್ಸೆನಲ್ ವಿರುದ್ಧ ಬದಲಿ ಆಟಗಾರನಾಗಿ ಇಳಿದಾಗ ಸ್ವಂತ ಜನವೇ ಕೂಗಿ ಅವಮಾನಿಸಿತು. ಹುಡುಗ ದುಡ್ಡಿಗೆ ಆಸೆಪಟ್ಟ ಅಂತ ಒಂದು ಬೈಗುಳ. ಪುಕ್ಕಟೆ ಹೋಗಿ ನಮ್ಮ ಕ್ಲಬ್ಬಿಗೆ ದುಡ್ಡು ಬಾರದ ಹಾಗೆ ಮಾಡಿದ ಅಂತ ಇನ್ನೊಂದು. ಎರಡನ್ನೂ ಒಂದೇ ಉಸಿರಿಗೆ ಬೈಯುತ್ತಾರೆ. ಜೋಳದ ಲೆಕ್ಕ ಬೇಡ ಅನ್ನುವವರೇ ಸೇರು ಹಿಡಿದು ನಿಂತ ಹಾಗೆ.

ಇದಕ್ಕೆ ಹೋಲಿಸಿದರೆ ಹ್ಯಾರಿ ಕೇನ್ ಪುಣ್ಯವಂತ. ಟಾಟನ್‌ಹ್ಯಾಮ್‌ಗೆ 280 ಗೋಲು ಹೊಡೆದ, ಅಷ್ಟು ಯಾರೂ ಹೊಡೆದಿಲ್ಲ. ಒಂದೂ ಕಪ್ ಸಿಗಲಿಲ್ಲ. 2023ರ ಆಗಸ್ಟ್‌ನಲ್ಲಿ ಬಯರ್ನ್ ಮ್ಯೂನಿಕ್ ಸೇರಿದ. ಕಪ್ ಬೇಕು ಅನ್ನುವವನು ಜರ್ಮನಿಯಲ್ಲಿ ಬಯರ್ನ್ ಸೇರುವುದು, ತೂಕ ಹೆಚ್ಚಿಸಿಕೊಳ್ಳಬೇಕು ಅನ್ನುವವನು ಬೇಕರಿ ಪಕ್ಕ ಮನೆ ಮಾಡಿದ ಹಾಗೆ. ಕೇನ್ ಆ ವರ್ಷ ಲೀಗಿನಲ್ಲೇ 36 ಗೋಲು ಹೊಡೆದ. ಬಯರ್ನ್ ಹನ್ನೆರಡು ವರ್ಷದಲ್ಲಿ ಮೊದಲ ಸಲ ಬರಿಗೈಯಲ್ಲಿ ಕೂತಿತು! ಕೊನೆಗೆ 2025ರ ಮೇ ಮೊದಲ ವಾರ ಅವನಿಗೆ ಲೀಗ್ ಸಿಕ್ಕಿತು. ಅದೇ ಮೇ 21ರಂದು, ಬಿಲ್ಬಾವೊದಲ್ಲಿ, ಅವನು ಬಿಟ್ಟು ಹೋದ ಟಾಟನ್‌ಹ್ಯಾಮ್ ಹದಿನೇಳು ವರ್ಷದ ಬರ ಮುಗಿಸಿ ಯುರೋಪಾ ಲೀಗ್ ಗೆದ್ದಿತು. ಕಪ್ ಎತ್ತಿದವನು ಹತ್ತು ವರ್ಷ ಅಲ್ಲೇ ಉಳಿದಿದ್ದ ಸನ್ ಹ್ಯೂಂಗ್-ಮಿನ್. ನಿಷ್ಠೆ ಗೆದ್ದಿತು ಅಂತ ನಾನೂ ಅವತ್ತು ರಾತ್ರಿ ಸ್ನೇಹಿತರಿಗೆಲ್ಲ ಮೆಸೇಜು ಕಳಿಸಿದೆ. ಎರಡೂವರೆ ತಿಂಗಳಲ್ಲಿ ಸನ್ ಅಮೆರಿಕದ ಲಾಸ್ ಏಂಜಲೀಸ್‌ಗೆ ಹೊರಟ.

ಕೇನ್‌ನನ್ನು ಯಾಕೆ ಯಾರೂ ಅಷ್ಟು ಬೈಯಲ್ಲ? ಬೇರೆ ದೇಶಕ್ಕೆ ಹೋದ, ಕ್ಲಬ್ಬಿಗೆ ದೊಡ್ಡ ದುಡ್ಡು ಬಂತು, ಹೋಗುವ ಮೊದಲು ಹತ್ತು ವರ್ಷ ಬೆವರು ಸುರಿಸಿದ್ದ. ಪಾಳಿ ತೀರಿಸಿ ಹೋದ ಅನ್ನುವ ಭಾವನೆ. ಅವನೂ 2021ರಲ್ಲೇ ಮ್ಯಾಂಚೆಸ್ಟರ್ ಸಿಟಿಗೆ ಹಾರಲು ನೋಡಿದ್ದ, ಕ್ಲಬ್ಬು ಬಿಡಲಿಲ್ಲ ಅಷ್ಟೆ. ಅದು ಈಗ ಯಾರಿಗೂ ನೆನಪಿಲ್ಲ.

ಇಷ್ಟೆಲ್ಲ ಆಟಗಾರರ ಪರ ವಾದ ಮಾಡುತ್ತೇನಲ್ಲ, ಒಂದು ಕಡೆ ನನ್ನ ವಾದವೂ ಕುಂಟುತ್ತದೆ. ಆಟಗಾರ ಕ್ಲಬ್ಬಿನ ಜೋಳ ತಿನ್ನುತ್ತಾನೆ ಸರಿ. ಕ್ಲಬ್ಬಿಗೆ ಜೋಳ ಎಲ್ಲಿಂದ ಬಂತು? ಟಿಕೆಟ್ಟಿನಿಂದ, ಜೆರ್ಸಿಯಿಂದ, ಟಿ.ವಿ. ಚಂದಾದಿಂದ. ಜೋಳ ಬೆಳೆದವನು ಗ್ಯಾಲರಿಯಲ್ಲಿ ಕೂತಿದ್ದಾನೆ. ಅಳೆದುಕೊಡುವವನು ಮಾತ್ರ ನಡುವಿನವನು. ಪಾಳಿ ತನಗೆ ಸಲ್ಲಬೇಕು ಅಂತ ಆ ಗ್ಯಾಲರಿಯವನಿಗೆ ಅನ್ನಿಸಿದರೆ ತಪ್ಪೇನು? ಆಟಗಾರ ಹೋಗಬಹುದು, ಕೋಚ್ ಹೋಗಬಹುದು, ಮಾಲೀಕ ಕ್ಲಬ್ಬನ್ನೇ ಮಾರಿ ಹೋಗಬಹುದು. ಟ್ರಾನ್ಸ್‌ಫರ್ ಇಲ್ಲದವನು ಅಭಿಮಾನಿ ಒಬ್ಬನೇ. ಬಾರ್ಸಿಲೋನಾ ಸೋತರೆ ನಾಳೆಯಿಂದ ಮ್ಯಾಡ್ರಿಡ್ ಬೆಂಬಲಿಸುತ್ತೇನೆ ಅನ್ನುವವನನ್ನು ಅಭಿಮಾನಿ ಅಂತ ಯಾರೂ ಕರೆಯಲ್ಲ. ವೇಳೆವಾಳಿ ಹೊತ್ತವರು ನಿಜಕ್ಕೂ ನಾವೇ. ಅದನ್ನು ಯಾರೂ ಕೇಳಿರಲಿಲ್ಲ, ನಾವಾಗಿ ಹೊತ್ತೆವು. ಎದುರಿನವನೂ ಹೊರಲಿ ಅಂತ ಹಟ.

ನಮ್ಮೂರಿನ ಕ್ಲಬ್ಬಿನಲ್ಲೂ ಇದನ್ನು ನೋಡಿದೆ. ಸುನಿಲ್ ಚೆಟ್ರಿ 2013ರಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷವೇ ಬಂದರು. ನಿಷ್ಠೆ ಅಂದರೆ ಚೆಟ್ರಿ ಅನ್ನುತ್ತೇವೆ. ಅದಕ್ಕೂ ಮೊದಲು ಅವರು ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಸ್ ಸಿಟಿ, ಲಿಸ್ಬನ್‌ನ ಸ್ಪೋರ್ಟಿಂಗ್ ಬಿ ತಂಡ ಅಂತೆಲ್ಲ ಸುತ್ತಿ ಬಂದಿದ್ದರು. ಅಲೆದ ಮೇಲೆ ಒಂದು ಜಾಗದಲ್ಲಿ ಬೇರು ಬಿಟ್ಟವರು. ಜೆಸಿಟಿಗೇ ನಿಷ್ಠರಾಗಿ ಕೂತಿದ್ದರೆ? ಆ ಕ್ಲಬ್ಬು 2011ರಲ್ಲಿ ಬಾಗಿಲೇ ಹಾಕಿತು.

2025ರ ಆಗಸ್ಟ್‌ನಲ್ಲಿ, ಇಂಡಿಯನ್ ಸೂಪರ್ ಲೀಗ್ ನಡೆಯುತ್ತದೋ ಇಲ್ಲವೋ ಅನ್ನುವ ಗೊಂದಲದ ನಡುವೆ, ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಸದ್ಯಕ್ಕೆ ನಿಲ್ಲಿಸುತ್ತಿದ್ದೇವೆ ಎಂದು ಬೆಂಗಳೂರು ಎಫ್‌ಸಿ ಹೇಳಿಕೆ ಕೊಟ್ಟಿತು. ಆ ಸುದ್ದಿಯನ್ನು ಮಾವನಿಗೆ ಓದಿ ಹೇಳಿದೆ. ಅವರ ಕಾರ್ಖಾನೆಯ ತಂಡವನ್ನೂ ಒಂದು ದಿನ ನೋಟೀಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿ ಮುಚ್ಚಿದ್ದರು. ಏನೂ ಮಾತಾಡಲಿಲ್ಲ. ತುಸು ಹೊತ್ತಾದ ಮೇಲೆ, "ಹುಡುಗರು ಊಟಕ್ಕೆ ಏನ್ಮಾಡ್ತಾರಂತೆ?" ಅಂದರು.

ಅದಕ್ಕೂ ಮೊದಲಿನ ಒಂದು ಸಂಜೆ ಹೇಳಿ ನಿಲ್ಲಿಸುತ್ತೇನೆ. ಮಾವನನ್ನು ಕಂಠೀರವಕ್ಕೆ ಕರೆದುಕೊಂಡು ಹೋಗಿದ್ದೆ. ಬೆಂಗಳೂರು ಎಫ್‌ಸಿಯ ಕಟ್ಟಾ ಅಭಿಮಾನಿಗಳಾದ ವೆಸ್ಟ್ ಬ್ಲಾಕ್ ಹುಡುಗರ ಪಕ್ಕದ ಸೀಟು. ಡೋಲು, ಹಾಡು, ನೀಲಿ ಬಾವುಟ. ಎದುರಾಳಿ ತಂಡದಲ್ಲಿ, ಹಿಂದಿನ ವರ್ಷದವರೆಗೂ ನಮ್ಮಲ್ಲಿ ಆಡುತ್ತಿದ್ದ ಒಬ್ಬ ಹುಡುಗ. ಅವನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಸ್ಟೇಡಿಯಂ 'ಊ...' ಅನ್ನುತ್ತಿತ್ತು. ಬೋಸ್ಮನ್, ಈಸ್ಟ್‌ಹ್ಯಾಮ್ ಎಲ್ಲ ಓದಿಕೊಂಡಿರುವ ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ. ಗಂಟಲು ಕಟ್ಟಿತು. ಆ ಹುಡುಗ ಕಾರ್ನರ್ ಹೊಡೆಯಲು ನಮ್ಮ ಕಡೆಯ ಮೂಲೆಗೇ ಬಂದ. ಯಾರೋ ನೀರಿನ ಬಾಟಲಿ ಎಸೆದರು, ಅರ್ಧ ದಾರಿಯಲ್ಲಿ ಓಟದ ಟ್ರ್ಯಾಕಿನ ಮೇಲೆ ಬಿತ್ತು.

ಮಾವ ನನ್ನ ತೋಳು ಎಳೆದರು.

"ಯಾಕೋ ಅವನ ಮೇಲೆ ಅಷ್ಟು ಕೋಪ?"

"ನಮ್ಮನ್ನ ಬಿಟ್ಟು ಹೋದ ಮಾವ. ಮೂರು ವರ್ಷದ ಕಾಂಟ್ರಾಕ್ಟು, ಜಾಸ್ತಿ ದುಡ್ಡು ಅಂತ."

ಮಾವ ಆ ಹುಡುಗನನ್ನು ನೋಡಿದರು. ಅವನು ಎಡಗಾಲಿನವನು. ಚೆಂಡನ್ನು ಗೆರೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈ ಎತ್ತಿದ.

"ಪಿಎಫ್ ಇದ್ಯೇನೋ ಅವನಿಗೆ?" ಅಂದರು ಮಾವ.